ಪರಿತ್ಯಾಗದ ಮೇಲಣ ಶೃಂಗಾರ

ವಿವಾಹವಿಚ್ಛೇದನವಾಗಿ ನಡುವಯಸ್ಸಿಗೆ ಬಂದ ಸ್ತ್ರೀಪುರುಷರಲ್ಲಿ ಅನುರಾಗವು ಮರಳಿ ಚಿಗುರುವುದನ್ನು ವಸ್ತುವಾಗಿ ಉಳ್ಳ ಕಥೆ ಕಾದಂಬರಿಗಳು ಈಗ ನಮ್ಮ ಮನೆಗಳಿಗೂ ಬರತೊಡಗಿವೆ. ಇವನ್ನು ಓದಿದ ಮಿತ್ರರು ಕೆಲವರು, ಅದರಲ್ಲಿಯೂ ನನ್ನಂತೆಯೇ ಪಾಠಶಾಲೆಯ ಜಗಲಿಯ ಮೇಲೆ ಅಲಂಕಾರಶಾಸ್ತ್ರವನ್ನು ಉರುಹೊಡೆದವರು, ಇದು ಶೃಂಗಾರವಲ್ಲ, ಶೃಂಗಾರಾಭಾಸ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಶಾಸ್ತ್ರದ ಹೆಸರಿನಲ್ಲಿ ಕೊಟ್ಟ ತೀರ್ಪನ್ನು ಶಾಸ್ತ್ರದ ಮುಂದೆಯೇ ಇಟ್ಟು ನೋಡಬೇಕಾದುದು ನ್ಯಾಯ.

ಸಾಹಿತ್ಯದರ್ಪಣಕಾರನು ಶೃಂಗಾರದಲ್ಲಿ ಅನೌಚಿತ್ಯವು ಒದಗುವ ಎಡೆಗಳನ್ನು ಹೆಸರಿಸಿದ್ದಾನೆ. ಉಪನಾಯಕನಲ್ಲಿ ನೆಟ್ಟ ರತಿ, ಮುನಿಪತ್ನೀ ಗುರುಪತ್ನಿಯರಲ್ಲಿ ನೆಟ್ಟ ರತಿ, ಹಲವರಲ್ಲಿ ಹಂಚಿಹೋದ ರತಿ, ಒಬ್ಬರಲ್ಲಿ ಮಾತ್ರ ಇದ್ದು ಇನ್ನೊಬ್ಬರಲ್ಲಿ ಇಲ್ಲದ ರತಿ, ಇವೇ ಮುಖ್ಯ. ಬಿಡುಗಡೆಯನ್ನು ಹೊಂದಿದವಳು ಪರಸ್ತ್ರೀಯಲ್ಲ. ಆಕೆಯ ಪ್ರೇಮಕ್ಕೆ ಇವುಗಳಲ್ಲಿ ಯಾವ ಎಡೆಯೂ ಸಲ್ಲದು. ಅವಳು ಬಿಡುಗಡೆ ಹೊಂದಬಹುದೇ ಎಂಬುದು ಧರ್ಮಶಾಸ್ತ್ರದ ಪ್ರಶ್ನೆಯೇ ಹೊರತು ರಸಶಾಸ್ತ್ರದ್ದಲ್ಲ. ಆ ಪ್ರಶ್ನೆಯೂ ನಮ್ಮಲ್ಲಿ ಹೊಸದೇನಲ್ಲ. ಕೌಟಿಲ್ಯನು ಧರ್ಮಸ್ಥೀಯಾಧಿಕರಣದಲ್ಲಿ, ಪರಸ್ಪರ ದ್ವೇಷವಿದ್ದಲ್ಲಿ ದಂಪತಿಗಳಿಗೆ ಮೋಕ್ಷವುಂಟೆಂದು ವಿಧಿಸಿ, ಧರ್ಮವಿವಾಹಗಳಿಗೆ ಮಾತ್ರ ಅದನ್ನು ನಿರಾಕರಿಸಿದ್ದಾನೆ. ನಾರದನು ಪುನರ್ಭುವಿನ ಬಗೆಗಳನ್ನೇ ವಿಂಗಡಿಸಿದ್ದಾನೆ. ವಾತ್ಸ್ಯಾಯನನ ಭಾರ್ಯಾಧಿಕರಣದಲ್ಲಿ ಪುನರ್ಭೂಪ್ರಕರಣವೊಂದಿದೆ. ಅಲ್ಲಿ ಮಾತು ವಿಧವೆಯನ್ನು ಕುರಿತದ್ದು. ಆದರೂ ಎರಡನೆಯ ಬಾರಿಗೆ ಆಕೆ ಯಾರನ್ನು ವರಿಸಬೇಕೆಂಬಲ್ಲಿ ಆಚಾರ್ಯರ ಮತಗಳನ್ನು ಹೇಳಿ, ಕೊನೆಗೆ ವಾತ್ಸ್ಯಾಯನನು ತನ್ನ ಮತವನ್ನು ಕೊಡುವ ಬಗೆ ಗಮನಾರ್ಹ. ಆಕೆಯ ಚಿತ್ತಕ್ಕೆ ಯಾವನು ಅನುಕೂಲನೋ ಅವನನ್ನು, ಎಂದು ಅಷ್ಟರಲ್ಲಿಯೇ ಮುಗಿಸಿಬಿಡುತ್ತಾನೆ. ನಮ್ಮ ನಾಡಿನಲ್ಲಿಯೇ ಎಷ್ಟೋ ಜಾತಿಗಳಲ್ಲಿ ಪಂಚರ ಮುಂದೆ ಬಿಡುಗಡೆಯಾಗಿ ಕೂಡಿಕೆ, ಸೀರುಡಿಕೆ ಎಂಬ ಹೆಸರುಗಳಿಂದ ಮರುಮದುವೆ ನಡೆಯುತ್ತಿದ್ದುದನ್ನು ಹಳಬರು ಬಲ್ಲರು. ಸರಕಾರದ ಕಾನೂನು ಬಂದುದು ಇದೆಲ್ಲಕ್ಕಿಂತ ಹಿಂದೆ ಬಿದ್ದು: ಮುಂಬಯಿ ಪ್ರಾಂತಕ್ಕೆ ೧೯೪೭ರಲ್ಲಿ, ಮದರಾಸಿಗೆ ೧೯೪೯ರಲ್ಲಿ, ದೇಶಕ್ಕೆಲ್ಲ ೧೯೫೫ರ ಹಿಂದೂ ವಿವಾಹ ಕಾಯಿದೆಯಿಂದ, ಇಬ್ಬರೂ ಒಪ್ಪಿ ಬೇರೆಯಾಗುವ ಮಾರ್ಗವು ಆ ಕಾಯಿದೆಗೆ ಸೇರಿದುದು ೧೯೭೬ರಲ್ಲಿ.

ಇನ್ನು ವಯಸ್ಸಿನ ಆಕ್ಷೇಪ. ಭರತಮುನಿಯು ಶೃಂಗಾರವನ್ನು ಉತ್ತಮರಾದ ಯುವಜನರ ಪ್ರಕೃತಿಯದೆಂದು ಹೇಳಿರುವನಷ್ಟೆ, ನರೆಗೂದಲಿಗೆ ಇಲ್ಲಿ ಏನು ಕೆಲಸ ಎಂದು ಕೇಳುವರು. ಈ ಪ್ರಶ್ನೆಗೆ ವ್ಯಾಖ್ಯಾನಕಾರರಿಗಿಂತ ಭವಭೂತಿಯು ಉತ್ತಮವಾದ ಉತ್ತರವನ್ನು ಕೊಟ್ಟಿದ್ದಾನೆ.

ಉತ್ತರರಾಮಚರಿತದ ಮೂರನೆಯದಾದ ಛಾಯಾಂಕವನ್ನು ವಾಚಕರು ನೆನೆಯಬೇಕು. ಪರಿತ್ಯಾಗವಾಗಿ ಹನ್ನೆರಡು ವರ್ಷಗಳು ಕಳೆದಿವೆ. ಕುಶಲವರ ಹನ್ನೆರಡನೆಯ ವರ್ಷದ ಮಂಗಲಗ್ರಂಥಿಯ ದಿನವೆಂದು ಸೂರ್ಯನಿಗೆ ಹೂವನ್ನು ಅರ್ಪಿಸಲು ಸೀತೆಯನ್ನು ಭಾಗೀರಥಿಯು ಕಳುಹಿಸಿದ್ದಾಳೆ. ಆಕೆ ಯಾರ ಕಣ್ಣಿಗೂ ಬೀಳಳು. ಅದೇ ಪಂಚವಟಿಗೆ ರಾಮನು ಬರುತ್ತಾನೆ. ಆತನ ದನಿಯನ್ನು ಕೇಳಿದಾಗ ಸೀತೆಯ ಮನಸ್ಸಿನಲ್ಲಿ ಏನಾಗುತ್ತದೆ? ಇಲ್ಲಿ ಕವಿಯು ಒಂದು ಭಾವವನ್ನು ಹೇಳಿ ಮುಗಿಸುವುದಿಲ್ಲ. ಆಸೆ ಕಡಿದುಹೋದುದರಿಂದ ಹುಟ್ಟಿದ ಔದಾಸೀನ್ಯ, ಮಾಡಿದ ಅಪರಾಧದ ನೆನಪಿನಿಂದ ಕದಡಿದ ಕಹಿ, ಹಠಾತ್ತಾಗಿ ಕಂಡುದರ ಸ್ತಬ್ಧತೆ, ಆತನ ದುಃಖವನ್ನು ಕಂಡು ಬಂದ ಕರಗುವಿಕೆ, ಇವೆಲ್ಲವನ್ನೂ ತಮಸೆಯು ಒಂದೇ ಕ್ಷಣದಲ್ಲಿ ಆಕೆಯ ಹೃದಯದಲ್ಲಿ ಕಾಣುತ್ತಾಳೆ. ಹದಿನಾರರ ಮುಗ್ಧೆಗೆ ಈ ಸಂಕೀರ್ಣತೆ ಸಾಧ್ಯವೇ? ಆಕೆಗೆ ನೆನೆಯಲು ಅಪರಾಧವೇ ಇನ್ನೂ ನಡೆದಿಲ್ಲ.

ರಾಮನು ಮೂರ್ಛೆ ಹೋದಾಗ ಸೀತೆ ಮುಟ್ಟಿ ಎಚ್ಚರಿಸುತ್ತಾಳೆ. ಎಚ್ಚರಿಸಿದೊಡನೆಯೇ, ಅಪ್ಪಣೆಯಿಲ್ಲದೆ ಹತ್ತಿರ ಬಂದೆನೆಂದು ಮಹಾರಾಜನು ಕೋಪಿಸಿಯಾನೆಂದು ಹೆದರಿ ಸರಿಯುತ್ತಾಳೆ. ಹನ್ನೆರಡು ವರ್ಷದ ಪೆಟ್ಟು ಎಂತಹುದೆಂಬುದನ್ನು ಈ ಒಂದು ಹೆಜ್ಜೆ ಹಿಂದೆಗೆದುದರಲ್ಲಿ ಕವಿಯು ತೋರಿಸಿದ್ದಾನೆ. ವಾಸಂತಿಯು ರಾಮನನ್ನು ಮಾತಿನಿಂದ ತಿವಿಯುವಾಗ, ತಿವಿತವು ತನ್ನ ಪರವಾಗಿಯೇ ಇದ್ದರೂ, ಸಖಿಯು ಕ್ರೂರಳೆಂದು ಸೀತೆ ನೊಂದುಕೊಳ್ಳುತ್ತಾಳೆ. ಅಶ್ವಮೇಧದಲ್ಲಿ ಪತ್ನಿಯ ಸ್ಥಾನದಲ್ಲಿ ತನ್ನ ಚಿನ್ನದ ಪ್ರತಿಮೆಯನ್ನೇ ಇಟ್ಟಿರುವನೆಂದು ಕೇಳಿದ ಮೇಲೆ ಮಾತ್ರ ಪರಿತ್ಯಾಗದ ನಾಚಿಕೆಯ ಮುಳ್ಳು ಕಿತ್ತುಬಂತೆನ್ನುತ್ತಾಳೆ. ಆಕೆಯನ್ನು ಬಾಧಿಸುತ್ತಿದ್ದುದು ವಿಯೋಗ ಮಾತ್ರವಲ್ಲ, ನಾಚಿಕೆ. ವಿಚ್ಛೇದನವನ್ನು ಕಂಡ ಮನೆಯವರು ಯಾರಾದರೂ ಇದನ್ನು ಒಪ್ಪಿಯಾರು. ಭೋಜರಾಜನು ವಿಪ್ರಲಂಭವನ್ನು ಪೂರ್ವಾನುರಾಗ, ಮಾನ, ಪ್ರವಾಸ, ಕರುಣವೆಂದು ನಾಲ್ಕಾಗಿ ಹಂಚಿದನು. ಪರಿತ್ಯಾಗವು ಈ ನಾಲ್ಕರಲ್ಲಿ ಯಾವುದರಲ್ಲಿಯೂ ಸರಿಯಾಗಿ ಕೂರುವುದಿಲ್ಲ. ಲಕ್ಷಣವು ಲಕ್ಷ್ಯಕ್ಕಿಂತ ಹಿಂದೆ ಉಳಿದ ಸ್ಥಳಗಳಲ್ಲಿ ಇದೊಂದು.

ಶಾಕುಂತಲದ ಮಾತಿಗೆ ಬರೋಣ. ನಾನು ಪಾಠ ಹೇಳಿದ ಮೂವತ್ತು ವರ್ಷಗಳಲ್ಲಿ ಪರೀಕ್ಷೆಗೆ ಬಂದುದೆಲ್ಲ ನಾಲ್ಕನೆಯ ಅಂಕವೇ, ಏಳನೆಯದನ್ನು ಕೇಳಿದವರಿಲ್ಲ. ಮಗಳನ್ನು ಕಳುಹಿಸಿಕೊಡುವುದರಲ್ಲಿ ನಮಗಿರುವ ಆಸಕ್ತಿ, ಹೋದ ಮಗಳ ಗತಿಯೇನಾಯಿತೆಂಬುದರಲ್ಲಿ ಇಲ್ಲವೆಂದು ತೋರುತ್ತದೆ! ಹೇಮಕೂಟದ ಮಾರೀಚಾಶ್ರಮದಲ್ಲಿ ಸಿಂಹದ ಮರಿಯ ಹಲ್ಲನ್ನು ಎಣಿಸಹೊರಟ ಬಾಲಕನನ್ನು ಎತ್ತಿಕೊಂಡಿರುವ ದುಷ್ಯಂತನನ್ನು ಕಂಡಾಗ, ಏಕವೇಣಿಯಾಗಿ ಮಾಸಿದ ವಸ್ತ್ರವನ್ನುಟ್ಟ ಶಕುಂತಲೆಗೆ ಮೊದಲು ಗುರುತೇ ಹತ್ತುವುದಿಲ್ಲ. ಇವನು ಆರ್ಯಪುತ್ರನಂತಿಲ್ಲವಲ್ಲ ಎಂದು ಶಂಕಿಸುತ್ತಾಳೆ. ಪಶ್ಚಾತ್ತಾಪದಿಂದ ಅವನು ಅಷ್ಟು ಬಿಳಿಚಿದ್ದಾನೆ. ಆ ಹೊತ್ತಿನಲ್ಲಿ ಮಗು ತಾಯಿಯನ್ನು ಕೇಳುತ್ತದೆ, ಅಮ್ಮ, ಇವರು ಯಾರು ಎಂದು. ನಿನ್ನ ಭಾಗ್ಯವನ್ನು ಕೇಳು, ಎಂಬುದೇ ಆಕೆಯ ಉತ್ತರ. ಮಧ್ಯವಯಸ್ಸಿನ ಪ್ರೇಮಕ್ಕೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಒಂದನೆಯ ಅಂಕದ ತಪೋವನದಲ್ಲಿ ಕೇಳುವವರು ಯಾರೂ ಇರಲಿಲ್ಲ. ಅಲ್ಲಿದ್ದ ಸಖಿಯರು ಸಹಾಯಕ್ಕೇ ನಿಂತವರು. ಈಗ ಮೊಣಕಾಲೆತ್ತರದ ಒಬ್ಬನು ನಿಂತು ಕೇಳುತ್ತಾನೆ, ಅವನಿಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ.

ಆಮೇಲೆ ಉಂಗುರದ ಸಂಗತಿ. ಸಿಕ್ಕಿದ ಉಂಗುರವನ್ನು ಅರಸನು ಮರಳಿ ತೊಡಿಸಹೋದಾಗ, ಅದರಲ್ಲಿ ತನಗೆ ನಂಬಿಕೆಯಿಲ್ಲ, ಆತನೇ ಧರಿಸಿಕೊಳ್ಳಲಿ ಎನ್ನುತ್ತಾಳೆ. ಅವನನ್ನು ಕ್ಷಮಿಸಿದ್ದಾಳೆ, ಅವನ ಕುರುಹನ್ನು ನಂಬಿಲ್ಲ. ವ್ಯಾಸಭಾರತದ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ, ಅಶರೀರವಾಣಿಯು ಎಲ್ಲವನ್ನೂ ಸರಿಪಡಿಸಿಬಿಡುತ್ತದೆ. ಕಾಳಿದಾಸನು ಉಂಗುರವನ್ನು ತಂದುದು ಬರಿಯ ಅಭಿಜ್ಞಾನಕ್ಕಾಗಿ ಎಂದು ಟೀಕಾಕಾರರು ಹೇಳುವರು. ಏಳನೆಯ ಅಂಕದಲ್ಲಿ ಅದನ್ನು ಬೇಡವೆನ್ನುವುದಕ್ಕಾಗಿಯೂ ತಂದನೆಂದು ನನಗೆ ತೋರುತ್ತದೆ.

ಇಲ್ಲಿ ಎದುರಾಳಿಯು, ಇವರೆಲ್ಲ ಮರಳಿ ಕೂಡಿದುದು ಅದೇ ಪತಿಯನ್ನು, ಪರರನ್ನಲ್ಲ, ಎನ್ನುವನು. ಮಾತು ನಿಜ, ಅದನ್ನು ತೇಲಿಸಬಾರದು. ಭವಭೂತಿಯು ರಾಮಾಯಣದ ಅಂತ್ಯವನ್ನೇ ಬದಲಿಸಿ, ಭೂಮಿಯನ್ನು ಸೇರಬೇಕಾದವಳನ್ನು ಅರುಂಧತಿಯ ಕೈಯಿಂದ ರಾಮನಿಗೆ ಒಪ್ಪಿಸುವಷ್ಟು ಧೈರ್ಯ ಮಾಡಿದನು. ಅದಕ್ಕೂ ಆಚೆಗೆ ನಮ್ಮ ಮಾರ್ಗಕವಿಗಳು ಹೋಗಲಿಲ್ಲ. ಆದರೆ ನಳೋಪಾಖ್ಯಾನದಲ್ಲಿ ಒಂದು ಕಿರುದಾರಿಯುಂಟು. ಎರಡು ಮಕ್ಕಳ ತಾಯಿಯಾದ ದಮಯಂತಿಯು ತನಗೆ ಮತ್ತೆ ಸ್ವಯಂವರವೆಂದು ಋತುಪರ್ಣನಿಗೆ ಹೇಳಿಕಳುಹಿಸುತ್ತಾಳೆ. ಅದು ನಳನನ್ನು ಹುಡುಕಿ ತೆಗೆಯುವ ಉಪಾಯವೆಂಬುದು ಸರಿ. ಋತುಪರ್ಣನಿಗೆ ಅದು ಗೊತ್ತಿಲ್ಲ. ಅವನೇನು ಮಾಡಿದ? ಮೂಗಿನ ಮೇಲೆ ಬೆರಳಿಡಲಿಲ್ಲ, ರಥ ಹೂಡಿಸಿದ. ಉಪಾಯವು ಫಲಿಸಬೇಕಾದರೆ ಅದು ನಂಬತಕ್ಕ ಸುದ್ದಿಯಾಗಿರಬೇಕು. ಸಾರಥಿಯ ವೇಷದಲ್ಲಿದ್ದ ನಳನೂ ನಂಬಿಯೂ ನಂಬದೆಯೂ ಬೆಂದನು. ಕನಕದಾಸರ ನಳಚರಿತ್ರೆಯನ್ನು ಓದಿಸಿ ಕೇಳುವ ನಮ್ಮ ಮನೆಗಳಲ್ಲಿ ಈ ಋತುಪರ್ಣನನ್ನು ಯಾರೂ ವಿಚಾರಿಸುವುದಿಲ್ಲ.

ಕನ್ನಡ ಕಾದಂಬರಿಯಾದರೋ ಮರುಮದುವೆಯನ್ನು ಹಿಡಿದೇ ಹೊರಟಿತು. ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ (೧೮೯೯) ಬಾಲವಿಧವೆಗೆ ಸುಖವಾದ ಎರಡನೆಯ ದಾಂಪತ್ಯವನ್ನು ಕೊಟ್ಟಿತು. ಭೈರಪ್ಪನವರ ವಂಶವೃಕ್ಷದ (೧೯೬೫) ಕಾತ್ಯಾಯನಿಗೆ ಕಾನೂನೂ ಅಡ್ಡಿಯಿಲ್ಲ, ವರಿಸಿದವನೂ ಸಜ್ಜನ. ಆದರೂ ಬಿಟ್ಟುಬಂದ ಮಗನ ನೆನಪು, ಕೈಗೂಡದ ಗರ್ಭಗಳು ಆಕೆಯನ್ನು ಸವೆಸಿ ಮುಗಿಸುತ್ತವೆ. ಆ ಕೃತಿಯ ಬಲವನ್ನು ನಾನು ಅಲ್ಲಗಳೆಯಲಾರೆ. ಆದರೆ ಅಲ್ಲಿ ಸೋತುದು ಪ್ರೇಮವಲ್ಲ, ಮಗುವಿನ ಪ್ರಶ್ನೆಗೆ ಉತ್ತರ ದೊರೆಯದೆ ಹೋದುದು, ಎಂಬುದನ್ನು ಗಮನಿಸದೆ, ಎರಡನೆಯ ಪ್ರೇಮಕ್ಕೆ ಇದೇ ಫಲವೆಂದು ಅದನ್ನು ಉದಾಹರಿಸುವವರ ಓದು ಅವಸರದ ಓದು.

ಈಚಿನ ಕಥೆಗಳ ಮೇಲೆ ನನ್ನ ದೂರು ಬೇರೆಯದು. ಅವುಗಳಲ್ಲಿ ಬಹುಪಾಲು ಮೊದಲನೆಯ ಗಂಡನನ್ನು ರಾಕ್ಷಸನನ್ನಾಗಿ ಮಾಡಿಬಿಡುತ್ತವೆ. ಕುಡುಕ, ಹೊಡೆಯುವವನು, ಜೂಜುಕೋರ. ಹೀಗೆ ಮಾಡಿದರೆ ಎರಡನೆಯವನು ಬರಿದೆ ಸಂಭಾವಿತನಾಗಿದ್ದರೂ ದೇವರಾಗುತ್ತಾನೆ. ಕತೆಗಾರನ ಕೆಲಸ ಹಗುರ. ಭವಭೂತಿಯು ಈ ಹಗುರವನ್ನು ಬೇಡಲಿಲ್ಲ. ತೊರೆದವನೂ ಪ್ರೀತಿಸುತ್ತಿದ್ದನು, ತೊರೆದುದು ಅಪರಾಧವೂ ಹೌದು, ಎಂಬೆರಡನ್ನೂ ಜೊತೆಯಾಗಿ ಹೊತ್ತನು. ಇನ್ನು ಕೆಲವು ಕಥೆಗಳು ನ್ಯಾಯಾಲಯದ ಮೆಟ್ಟಿಲಿಳಿಯುವಲ್ಲಿಗೆ ಮುಗಿಯುತ್ತವೆ, ಬಿಡುಗಡೆಯೇ ಮಂಗಳವೆಂಬಂತೆ. ಅಲ್ಲಿಂದಾಚೆಗೆ ಸಾಯಂಕಾಲ ಮನೆಯಲ್ಲಿ ದೀಪ ಹಚ್ಚಿಕೊಂಡು ಒಬ್ಬಳೇ ಕುಳಿತ ನಲವತ್ತೈದರ ಹೆಂಗಸಿನ ಮನಸ್ಸನ್ನು ಬರೆಯುವುದೇ ಕಷ್ಟ.

ಇಬ್ಸೆನ್ನನ ಗೊಂಬೆಯ ಮನೆಯಲ್ಲಿ (೧೮೭೯) ನೋರಾ ಬಾಗಿಲು ಹಾಕಿಕೊಂಡು ಹೊರಟ ಸದ್ದನ್ನು ಎಲ್ಲರೂ ಕೇಳಿದ್ದಾರೆ. ಅದೇ ಮೂರನೆಯ ಅಂಕದ ಮೊದಲಿಗೆ, ಅದೇ ಕೋಣೆಯಲ್ಲಿ, ಮೇಲಿನ ಮಹಡಿಯಲ್ಲಿ ಕುಣಿತ ನಡೆಯುತ್ತಿರುವಾಗ ವಿಧವೆ ಲಿಂಡೆಯೂ ಮಕ್ಕಳೊಂದಿಗನಾದ ವಿಧುರ ಕ್ರೋಗ್‌ಸ್ಟಾಡನೂ ಮಾತಾಡಿಕೊಳ್ಳುತ್ತಾರೆ. ಹಿಂದೆ ಅವನನ್ನು ಬಿಟ್ಟು ಹಣವಂತನನ್ನು ಮದುವೆಯಾದವಳು ಅವಳು. ತಾಯಿ ಮತ್ತು ಇಬ್ಬರು ತಮ್ಮಂದಿರ ಹೊಟ್ಟೆಗಾಗಿ. ಅವನೋ ಹೆಸರು ಕೆಡಿಸಿಕೊಂಡವನು. ತನಗೆ ತಾಯಾಗಲು ಮಕ್ಕಳು ಬೇಕು, ಅವನ ಮಕ್ಕಳಿಗೆ ತಾಯಿ ಬೇಕು ಎಂದು ಅವಳೇ ಕೇಳುತ್ತಾಳೆ. ಉಪಮೆಯಿಲ್ಲ, ಚಂದ್ರೋದಯವಿಲ್ಲ. ಅವನು ಹೊರಟಮೇಲೆ ಅವಳು ಕೋಣೆಯನ್ನು ಒಂದಿಷ್ಟು ಓರಣ ಮಾಡಿ ತನ್ನ ಟೋಪಿ ಮೇಲಂಗಿಗಳನ್ನು ತೆಗೆದಿಡುತ್ತಾಳೆ. ನಮ್ಮ ವಿಮರ್ಶಕರು ಬಾಗಿಲ ಸದ್ದನ್ನು ಕುರಿತು ಬರೆದುದು ಬಹಳ. ಆ ಓರಣವನ್ನು ಕುರಿತು ಬರೆದುದು ಕಡಿಮೆ.