ನೀರು ಬಾರದ ದಿನ ಮೇನ್ ವಾಲ್ ಬದಲಿಸಿ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹಳ್ಳಿಗಳಲ್ಲಿ ನಳಕ್ಕೆ ನೀರು ಬರುವುದು ಪಾಳಿಯ ಮೇಲೆ. ಮನೆಯ ಮೇನ್ ವಾಲ್ ಬದಲಿಸಲು ಒಂದು ಪಾಳಿ ಮುಗಿದು ಇನ್ನೊಂದು ಬರುವ ನಡುವಿನ ಬಿಡುವಿಗಿಂತ ಒಳ್ಳೆಯ ಸಮಯವಿಲ್ಲ. ಪಂಚಾಯಿತಿಯ ವಾಟರ್‌ಮನ್‌ಗೆ ಮುಂದಿನ ನೀರು ಯಾವಾಗ ಎಂದು ಕೇಳಿಕೊಂಡು, ಸಾಮಾನೆಲ್ಲ ಮುಂದಿಟ್ಟುಕೊಂಡು, ನಂತರವೇ ಪಾನಾ ಹಿಡಿಯಬೇಕು. ವಾಲ್ ಪೂರ್ತಿ ಕೆಡುವ ತನಕ ಕಾದವರಿಗೆ ಈ ಬಿಡುವು ಸಿಗುವುದಿಲ್ಲ. ನೀರು ಬಂದಾಗಲೇ ಅದು ಕೈಕೊಡುತ್ತದೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹೆಚ್ಚಾಗಿ ಇರುವುದು ಹಿತ್ತಾಳೆಯ ಗೇಟ್ ವಾಲ್. ಚಕ್ರ ತಿರುವಿದರೆ ಒಳಗಿನ ಬೆಣೆ ಮೇಲೇರಿ ನೀರಿಗೆ ದಾರಿ ಬಿಡುತ್ತದೆ. ಕೆರೆಯ ಅಥವಾ ಮಲಪ್ರಭೆಯ ನೀರಿಗೆ ಇದು ಬಹುಕಾಲ ಬಾಳುತ್ತದೆ. ಬೋರಿನ ಸವಳು ನೀರು ಹರಿದಲ್ಲಿ ಮಾತ್ರ ಬೆಣೆಯ ಕೂಡುಗಳಲ್ಲಿ ಉಪ್ಪು, ಸುಣ್ಣ ಕಟ್ಟುತ್ತದೆ. ಆ ನೀರಿನ ಕ್ಲೋರೈಡ್ ಹಿತ್ತಾಳೆಯಲ್ಲಿನ ಸತುವನ್ನು ನಿಧಾನವಾಗಿ ಕರಗಿಸಿ ಲೋಹವನ್ನು ಟೊಳ್ಳು ಮಾಡುತ್ತದೆ. ವರ್ಷಗಟ್ಟಲೆ ಮುಟ್ಟದ ವಾಲನ್ನು ಅವಸರದಲ್ಲಿ ತಿರುವಿದಾಗ ದಂಡವೇ ಮುರಿದು ಚಕ್ರ ಕೈಗೆ ಬರುತ್ತದೆ. ಅರ್ಧ ತೆರೆದಿಡುವ ರೂಢಿಯೂ ಗೇಟ್ ವಾಲಿಗೆ ಆಗದು. ಹರಿವಿನ ಸೆಳೆತಕ್ಕೆ ಬೆಣೆ ಅದುರಿ ಸವೆಯುತ್ತದೆ.

ಹೊಸದಾಗಿ ಹಾಕುವುದಾದರೆ ನನ್ನ ಆಯ್ಕೆ ಪೂರ್ಣ ರಂಧ್ರದ ಬಾಲ್ ವಾಲ್. ಕಾಲು ಸುತ್ತಿಗೆ ತೆರೆಯುತ್ತದೆ, ಕಾಲು ಸುತ್ತಿಗೆ ಮುಚ್ಚುತ್ತದೆ. ಹಿಡಿ ಪೈಪಿನ ಗುಂಟ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಕತ್ತಲಲ್ಲೂ ಮುಟ್ಟಿ ತಿಳಿಯಬಹುದು. ಗೇಟ್ ವಾಲೇ ಬೇಕೆನ್ನುವವರು ಐಎಸ್ 778 ಗುರುತು ನೋಡಿ ಕೊಳ್ಳಲಿ. ಅಂಗಡಿಯಲ್ಲಿ ಎರಡನ್ನು ಅಂಗೈಯಲ್ಲಿ ತೂಗಿ ನೋಡಿ, ಒಂದೇ ಅಳತೆಯದರಲ್ಲಿ ಭಾರದ್ದನ್ನು ಆರಿಸಿರಿ.

ಈ ಕೆಲಸದ ಜಾಣತನವೆಲ್ಲ ಹಳೆಯ ವಾಲ್ ಬಿಚ್ಚುವುದರಲ್ಲಿದೆ. ಜಿಐ ಪೈಪಿಗೆ ಎರಡು ಪಾನಾ ಬೇಕೇ ಬೇಕು: ಒಂದು ಪೈಪನ್ನು ಅಲುಗದಂತೆ ಹಿಡಿಯಲು, ಇನ್ನೊಂದು ವಾಲನ್ನು ತಿರುವಲು. ಒಂದರಿಂದಲೇ ಜಗ್ಗಿದರೆ ತಿರುಚು ನೆಲದೊಳಗೆ ಸಾಗಿ ಬೀದಿಯ ಕೊಳವೆಗೆ ಕೂಡಿಸಿದ ಫೆರೂಲನ್ನು ಮುರಿಯುತ್ತದೆ. ಮನೆಯ ರಿಪೇರಿ ಓಣಿಯ ರಿಪೇರಿಯಾಗುತ್ತದೆ. ತುಕ್ಕು ಹಿಡಿದ ಕೂಡಿಗೆ ಹಿಂದಿನ ರಾತ್ರಿಯೇ ಎಣ್ಣೆ ಹಾಕಿಡಿ.

ಕೂಡಿಸುವಾಗ ಚೂಡಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ಟೆಫ್ಲಾನ್ ಟೇಪನ್ನು ಚೂಡಿ ತಿರುಗುವ ದಿಕ್ಕಿಗೇ ಬಿಗಿಯಾಗಿ ಸುತ್ತಿರಿ. ಹಳೆಯ ಕೈಗಳು ಬಳಸುವ ಸಣಬು, ಸಫೇದಾವೂ ಜಿಐಗೆ ಗಟ್ಟಿಯೇ. ವಾಲಿನ ಮನೆಯ ಬದಿಗೆ ಒಂದು ಯೂನಿಯನ್ ಹಾಕಿದರೆ ಮುಂದಿನ ಸಲ ಪೈಪ್ ಕತ್ತರಿಸದೆ ಬಿಚ್ಚಬಹುದು. ಪ್ಲಾಸ್ಟಿಕ್ ಚೂಡಿಗೆ ಕೈಬಿಗಿಯ ಮೇಲೆ ತುಸುವೇ ಪಾನಾ ಸಾಕು, ಹೆಚ್ಚಾದರೆ ಸೀಳುತ್ತದೆ.

ನೆಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಲಘಟಗಿಯ ಮಸಾರಿಯಲ್ಲಿ ಪೈಪ್ ಸುಮ್ಮನಿರುತ್ತದೆ. ನವಲಗುಂದದ ಎರಿ ಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ಹೂತ ಕೂಡುಗಳನ್ನು ಜಗ್ಗುತ್ತದೆ. ಆದ್ದರಿಂದ ವಾಲನ್ನು ಮಣ್ಣಿನಲ್ಲಿ ಹೂಳದೆ, ಕೆಳಗೆ ಗರಸು ಹಾಸಿ, ಇಟ್ಟಿಗೆಯ ಗೂಡು ಕಟ್ಟಿ, ಮೇಲೊಂದು ಮುಚ್ಚಳ ಇಡಿ.

2019ರ ಆಗಸ್ಟ್ 15ರಂದು ಘೋಷಿತವಾದ ಜಲ ಜೀವನ್ ಮಿಷನ್ ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರಿನ ಗುರಿ ಇಟ್ಟಿತು. ಆ ನೀರು ಮನೆಯಲ್ಲಿ ನಿಲ್ಲಬೇಕಾದರೆ ವಾಲ್ ಸರಿಯಿರಬೇಕು. ಪಾಳಿ ಮುಗಿದು ಬೀದಿಯ ಕೊಳವೆ ಬರಿದಾಗುವಾಗ ಹಿಂಸೆಳೆತ ಹುಟ್ಟುತ್ತದೆ. ಟಾಕಿಯಲ್ಲಿ ಪೈಪಿನ ತುದಿ ಮುಳುಗಿದ್ದರೆ ನಿಮ್ಮ ನೀರು ವಾಪಸು ಓಣಿಗೆ ಹೋಗುತ್ತದೆ, ಟಾಕಿಯಲ್ಲಿದ್ದ ಹೊಲಸೂ ಅದರೊಂದಿಗೆ ಹೋಗುತ್ತದೆ. ನೀರು ನಿಂತ ಕೂಡಲೇ ವಾಲ್ ಮುಚ್ಚುವುದು ನೆರೆಮನೆಗೂ ಮಾಡುವ ಉಪಕಾರ.

ಹೊಸ ವಾಲಿಗೆ ಮೊದಲ ನೀರು ಬರುವಾಗ ಕೊಳವೆಯ ಗಾಳಿ ಮುಂದೆ ಬರುತ್ತದೆ, ನಿಧಾನ ತೆರೆಯಿರಿ. ಕೂಡುಗಳ ಕೆಳಗೆ ಒಣ ಪೇಪರ್ ಹಾಸಿಡಿ, ಸಣ್ಣ ಸೋರಿಕೆಯೂ ಕಾಣುತ್ತದೆ. ಆಮೇಲೆ ಪ್ರತಿ ಅಮಾವಾಸ್ಯೆಗೊಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ. ಉಪ್ಪು ಕಟ್ಟಲು ಬಿಡುವಿರುವುದಿಲ್ಲ. ವಾಲ್ ಎಲ್ಲಿದೆ, ಯಾವ ಕಡೆ ತಿರುವಬೇಕು ಎಂಬುದನ್ನು ಮನೆಯ ಹೆಣ್ಣುಮಕ್ಕಳಿಗೆ, ಹಿರಿಯರಿಗೆ, ಶಾಲೆಗೆ ಹೋಗುವ ಹುಡುಗರಿಗೆ ಇವತ್ತೇ ತೋರಿಸಿ. ಪೈಪ್ ಒಡೆದ ಹೊತ್ತಿಗೆ ಮನೆಯಲ್ಲಿ ಯಾರಿದ್ದರೂ ಅವರ ಕೈಯೇ ನೀರನ್ನು ಉಳಿಸಬೇಕು.