ಭಾನುವಾರ ನಮ್ಮ ಹುಡುಗರು ಎಲ್ಲಿಗೆ ಹೋಗಬೇಕು?

ದೆಹಲಿಯಲ್ಲಿ ಯುವಜನರು ಮೋಜಿಗಾಗಿ ಎಲ್ಲಿಗೆ ಹೋಗಬೇಕೆಂದು ತಿಳಿಸುವ ಪಟ್ಟಿಗಳಿಗೆ ಈಗ ಬರವಿಲ್ಲ. ಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ, ಮೊಬೈಲಿನ ಪರದೆಯ ಮೇಲೆ, ಅವು ವಾರಕ್ಕೊಂದರಂತೆ ಹುಟ್ಟುತ್ತಲೇ ಇರುತ್ತವೆ. ಕಡತ ಓದುವ ಅಭ್ಯಾಸಬಲದಿಂದ ಅಂಥ ಹತ್ತಾರು ಪಟ್ಟಿಗಳನ್ನು ನಾವು ಸಾಲುಬಿಡದೆ ಓದಿ ನೋಡಿದೆವು. ಎಷ್ಟು ಖರ್ಚಾಗುತ್ತದೆಂಬುದು ಇದೆ, ಏನು ತಿನ್ನಬೇಕೆಂಬುದು ಇದೆ, ಎಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂಬುದೂ ಇದೆ. ರಾತ್ರಿ ಮನೆಗೆ ಹಿಂದಿರುಗುವುದು ಹೇಗೆಂಬುದು ಮಾತ್ರ ಒಂದರಲ್ಲಿಯೂ ಇಲ್ಲ. ಪಟ್ಟಿ ಬರೆಯುವವರಿಗೆಲ್ಲ ಸ್ವಂತ ಕಾರು ಇರಬೇಕು.

ನಮ್ಮ ವಾಚಕರ ಮನೆಯ ಹುಡುಗ ಹುಡುಗಿಯರಿಗೆ ಅದು ಇಲ್ಲ. ಅವರಲ್ಲಿ ಎರಡು ಬಗೆ. ರಾಮಕೃಷ್ಣಪುರಂ, ದ್ವಾರಕಾ, ಮಯೂರ ವಿಹಾರಗಳಲ್ಲಿ ಹುಟ್ಟಿ ಬೆಳೆದು, ಕನ್ನಡವನ್ನು ಅಡಿಗೆಮನೆಯಲ್ಲಿಯೂ ಹಿಂದಿಯನ್ನು ಮಿಕ್ಕೆಲ್ಲ ಕಡೆಯಲ್ಲಿಯೂ ಆಡುವವರು ಒಂದು ಬಗೆ. ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ಐ.ಎ.ಎಸ್. ತರಬೇತಿಗೆಂದು ಬಂದು ಓಲ್ಡ್ ರಾಜಿಂದರ್ ನಗರದ ಕಿಟಕಿಯಿಲ್ಲದ ಕೋಣೆಗಳಲ್ಲಿ ಇರುವವರು ಇನ್ನೊಂದು ಬಗೆ. ಇಬ್ಬರ ಜೇಬಿನಲ್ಲಿಯೂ ಹೆಚ್ಚು ಹಣವಿಲ್ಲ. ಇಬ್ಬರಿಗೂ ಎಂಟು ಗಂಟೆಗೆ ತಾಯಿಯ ಫೋನು ಬರುತ್ತದೆ. ಆದ್ದರಿಂದ ಮಹಾನಗರದ ಮನೋರಂಜನೆಯನ್ನು ತೂಗಿ ನೋಡಲು ನಾವು ಎರಡೇ ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇವೆ. ಹಣ ಬಿಚ್ಚದೆ ಅಲ್ಲಿ ಎಷ್ಟು ಹೊತ್ತು ಕುಳಿತಿರಬಹುದು? ಕತ್ತಲಾದ ಮೇಲೆ ಹೆಣ್ಣುಮಗಳೊಬ್ಬಳು ಅಲ್ಲಿಂದ ನಿರಾತಂಕವಾಗಿ ಮನೆ ಸೇರಬಹುದೇ?

ಮಾಲುಗಳನ್ನು ಬೈಯುವುದು ನಮ್ಮ ವಯಸ್ಸಿನವರಿಗೆ ಸುಲಭದ ಕೆಲಸ. ಆದರೆ ಮೊದಲನೆಯ ಪ್ರಶ್ನೆಯಲ್ಲಿ ಮಾಲು ತೇರ್ಗಡೆಯಾಗುತ್ತದೆಂಬುದನ್ನು ಒಪ್ಪಲೇಬೇಕು. ಮೇ ತಿಂಗಳ ಉರಿಯಲ್ಲಿ ಅಲ್ಲಿಗೇಕೆ ಹೋಗುತ್ತೀಯೆಂದು ಕೇಳಿದ್ದಕ್ಕೆ ಹುಬ್ಬಳ್ಳಿಯ ಹುಡುಗನೊಬ್ಬ, “ಅಲ್ಲಿ ಎ.ಸಿ. ಐತ್ರಿ ಸರ, ಏಳ್ರಿ ಅಂತ ಯಾರೂ ಅನ್ನಂಗಿಲ್ಲ” ಎಂದ. ಇದಕ್ಕೆ ಎದುರಾಡುವ ಮಾತು ನಮ್ಮಲ್ಲಿರಲಿಲ್ಲ. ಇಪ್ಪತ್ತೆರಡರ ಹುಡುಗನನ್ನು ಏಳೆನ್ನದ ಜಾಗ ಈ ಊರಿನಲ್ಲಿ ಅಷ್ಟು ಅಪರೂಪ. ಹೌಜ್ ಖಾಸ್ ಹಳ್ಳಿಯ ಮದ್ಯದಂಗಡಿಗಳ ವಿಷಯದಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ದೆಹಲಿಯ ಕಾನೂನಿನಂತೆ ಇಪ್ಪತ್ತೈದು ತುಂಬದವರಿಗೆ ಮದ್ಯ ಕೊಡುವಂತಿಲ್ಲ. ಆದರೂ ಪಟ್ಟಿಗಳು ಅವನ್ನು ‘ಕಾಲೇಜು ಹುಡುಗರ ಅಚ್ಚುಮೆಚ್ಚಿನ ತಾಣ’ ಎಂದು ಹೊಗಳುವುದನ್ನು ಬಿಟ್ಟಿಲ್ಲ.

ಮಾಲಿನ ವಿಷಯದಲ್ಲಿ ನಮ್ಮ ತಕರಾರು ಬೇರೆ. ಅದು ತನ್ನ ಎದುರಿಗಿರುವುದನ್ನು ಮರೆಸುತ್ತದೆ. ಸಾಕೇತದ ದೊಡ್ಡ ಮಾಲುಗಳಿಂದ ಹೊರಬಂದು ರಸ್ತೆ ದಾಟಿದರೆ ಖಿಡ್ಕಿ ಎಂಬ ಹಳ್ಳಿ. ಅಲ್ಲಿಯ ಕೋಟೆಯಂತಹ ಮಸೀದಿಯನ್ನು ಕಟ್ಟಿಸಿದವನು ಫಿರೋಜ್ ಶಹಾ ತುಘಲಕನ ವಜೀರ. ಅದೇ ರಸ್ತೆಯಲ್ಲಿ ಸ್ವಲ್ಪ ನಡೆದರೆ ಸಾತ್‌ಪುಲಾ. ಹೆಸರು ಕೇಳಿ ಸೇತುವೆಯೆಂದುಕೊಳ್ಳಬಾರದು. 14ನೆಯ ಶತಮಾನದಲ್ಲಿ ಮುಹಮ್ಮದ್ ಬಿನ್ ತುಘಲಕನು ತನ್ನ ಜಹಾಂಪನಾಹ್ ನಗರದ ಗೋಡೆಗೆ ಹೊಂದಿಸಿ ಕಟ್ಟಿಸಿದ ಏಳು ಕಮಾನಿನ ಅಣೆಕಟ್ಟು ಅದು. ತೂಬುಗಳ ಬಾಗಿಲನ್ನು ಏರಿಸಿ ಇಳಿಸಿ ನೀರನ್ನು ಹತೋಟಿಯಲ್ಲಿಡುತ್ತಿದ್ದರು. ಈಗ ಅಲ್ಲಿ ಹರಿಯುವ ನೀರಿಲ್ಲ. ವಿಜ್ಞಾನ ಓದಿದ ಹುಡುಗನಿಗೆ ಆರುನೂರೈವತ್ತು ವರ್ಷಗಳ ಹಿಂದಿನ ಎಂಜಿನಿಯರನ ಬುದ್ಧಿಯನ್ನು ಕಲ್ಲಿನಲ್ಲಿ ಓದುವುದಕ್ಕಿಂತ ಒಳ್ಳೆಯ ವಿನೋದ ಯಾವುದು? ಮಾಲಿಗೆ ಬರುವ ಸಾವಿರ ಜನರಲ್ಲಿ ರಸ್ತೆ ದಾಟುವವರು ಹತ್ತು ಮಂದಿಯೂ ಇರಲಾರರೆಂದು ನಮ್ಮ ಅಂದಾಜು.

ತುಘಲಕನ ಹೆಸರು ಬಂದ ಮೇಲೆ ಕನ್ನಡಿಗರಾದ ನಾವು ಸುಮ್ಮನೆ ಮುಂದೆ ಹೋಗಲಾಗದು. ಈ ಸುಲ್ತಾನ ನಮಗೆ ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಗಿರೀಶ ಕಾರ್ನಾಡರ ನಾಟಕದಿಂದ ಪರಿಚಿತ. 1964ರಲ್ಲಿ ಅದು ಕನ್ನಡದಲ್ಲಿ ಪ್ರಕಟವಾಯಿತು. ಬಿ. ವಿ. ಕಾರಂತರು ಅದನ್ನು ಹಿಂದೂಸ್ತಾನಿಗೆ ತಂದರು. 1966ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಅದನ್ನು ಆಡಿತು. 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿಯವರು ಪುರಾನಾ ಕಿಲಾದ ಹಾಳುಗೋಡೆಗಳನ್ನೇ ರಂಗಸಜ್ಜಿಕೆಯಾಗಿ ಮಾಡಿಕೊಂಡು ಅದೇ ನಾಟಕವನ್ನು ಮತ್ತೆ ಆಡಿಸಿದರು. ಮನೋಹರ್ ಸಿಂಗ್ ಸುಲ್ತಾನನಾದರು. ದೆಹಲಿಯನ್ನು ಬಿಟ್ಟು ದೌಲತಾಬಾದಿಗೆ ಹೊರಟ ದೊರೆಯನ್ನು ಕನ್ನಡ ನಾಟಕವೊಂದು ದೆಹಲಿಗೇ ಮರಳಿ ಕರೆತಂದಂತಾಯಿತು. ಸಾಲದೆಂಬಂತೆ ಕಾರಂತರೇ 1977ರಿಂದ 1981ರವರೆಗೆ ಆ ನಾಟಕ ಶಾಲೆಯ ನಿರ್ದೇಶಕರಾಗಿದ್ದರು.

ಇಷ್ಟೆಲ್ಲ ನಂಟಿದ್ದರೂ ನಮ್ಮ ಹುಡುಗರಲ್ಲಿ ಬೇಗಂಪುರವನ್ನು ನೋಡಿದವರನ್ನು ಬೆರಳಿನಲ್ಲಿ ಎಣಿಸಬಹುದು. ಹೌಜ್ ಖಾಸ್ ಮೆಟ್ರೋ ನಿಲ್ದಾಣದಲ್ಲಿಳಿದು ನಡೆದೇ ಹೋಗಬಹುದಾದಷ್ಟು ಹತ್ತಿರ. ಹಳ್ಳಿಯ ಇಕ್ಕಟ್ಟಾದ ಓಣಿಯಲ್ಲಿ ದಾರಿ ತಪ್ಪಿತೇನೋ ಎನ್ನುವಷ್ಟರಲ್ಲಿ ಮೆಟ್ಟಲುಗಳು ಎದುರಾಗುತ್ತವೆ. ಹತ್ತಿ ಒಳಗೆ ಕಾಲಿಟ್ಟರೆ ಇಡೀ ಓಣಿಯನ್ನೇ ನುಂಗಬಲ್ಲ ಅಂಗಳ, ಸುತ್ತಲೂ ಕಮಾನುಗಳ ಸಾಲು. ಅದು ಜಹಾಂಪನಾಹ್‌ದ ದೊಡ್ಡ ಮಸೀದಿ. ಪಕ್ಕದಲ್ಲೇ ಬಿಜಯ್ ಮಂಡಲ್. ತುಘಲಕನ ಸಾವಿರ ಕಂಬದ ಅರಮನೆ ಇದ್ದುದು ಇಲ್ಲಿಯೇ ಎಂದು ವಿದ್ವಾಂಸರು ಹೇಳುತ್ತಾರೆ. ಟಿಕೆಟ್ಟಿಲ್ಲ, ನೂಕುನುಗ್ಗಲಿಲ್ಲ. ಓಣಿಯ ಹುಡುಗರ ಕ್ರಿಕೆಟ್ ಚೆಂಡಿಗೆ ಮಾತ್ರ ಹುಷಾರಾಗಿರಬೇಕು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು, ಶೌಚಾಲಯವನ್ನು ನಿರೀಕ್ಷಿಸಬಾರದು, ಕತ್ತಲಾಗುವ ಮುಂಚೆ ಹೊರಡಬೇಕು. ನೋಡಬೇಕೆಂದು ಹೇಳಿ ನೋಡುವವರಿಗೆ ಕನಿಷ್ಠ ಸೌಕರ್ಯವನ್ನೂ ಒದಗಿಸದಿರುವುದು ನಮ್ಮ ಸ್ಮಾರಕಗಳ ಹಳೆಯ ಕಾಯಿಲೆ. ಗಂಡು ಹುಡುಗರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಹುಡುಗಿಯರು ಎರಡನೆಯ ಸಲ ಹೋಗುವುದಿಲ್ಲ.

ಲೋಧಿ ಕಾಲೊನಿಯ ಗೋಡೆಚಿತ್ರಗಳದು ಬೇರೆಯದೇ ಕತೆ. ಬ್ರಿಟಿಷರ ಕಾಲದ ಕೊನೆಯಲ್ಲಿ ಸರಕಾರಿ ನೌಕರರಿಗೆಂದು ಕಟ್ಟಿದ ಕ್ವಾರ್ಟರ್ಸುಗಳು ಅವು. ಸುಣ್ಣ ಕಾಣದೆ ಬಣ್ಣಗೆಟ್ಟಿದ್ದ ಆ ಎತ್ತರದ ಗೋಡೆಗಳ ಮೇಲೆ ಹತ್ತು ವರ್ಷಗಳಿಂದೀಚೆಗೆ ದೇಶವಿದೇಶಗಳ ಕಲಾವಿದರು ಐವತ್ತಕ್ಕೂ ಹೆಚ್ಚು ಚಿತ್ರಗಳನ್ನು ಬರೆದಿದ್ದಾರೆ. ಖನ್ನಾ ಮಾರ್ಕೆಟ್ಟಿನಿಂದ ಮೆಹರ್‌ಚಂದ್ ಮಾರ್ಕೆಟ್ಟಿನವರೆಗೆ ನಡೆದರೆ ಬಹುಪಾಲನ್ನು ನೋಡಬಹುದು. ಕಾಸು ಬೇಡ, ಬಾಗಿಲು ಕಾಯುವವರಿಲ್ಲ. ಸರಕಾರಿ ಕ್ವಾರ್ಟರ್ಸಿನ ಗೋಡೆ ಇಷ್ಟು ಚೆಲುವಾಗಬಹುದೆಂದು ನಮ್ಮ ಇಲಾಖೆಯವರು ಯಾರೂ ಕನಸಿನಲ್ಲಿಯೂ ಎಣಿಸಿರಲಾರರು. ಎಲ್ಲವೂ ಉತ್ತಮವೆಂದಲ್ಲ; ಕೆಲವು ಕ್ಯಾಲೆಂಡರಿನ ಮಟ್ಟದಿಂದ ಮೇಲೇಳುವುದಿಲ್ಲ. ಒಳ್ಳೆಯ ಚಿತ್ರಗಳಲ್ಲಿ ಮನೆಯ ಕಮಾನು, ಕಿಟಕಿ, ಅದರ ಮುಂದಿನ ಬೇವಿನ ಮರ ಎಲ್ಲವೂ ಚಿತ್ರದೊಳಗೆ ಸೇರಿಹೋಗುತ್ತವೆ. ಮೇಲೆ ಒಣಗಲು ಹಾಕಿದ ಬನಿಯನ್ನು ಕೂಡ. ಸಂಕಟವೆಂದರೆ, ಬರುವ ಹುಡುಗರಲ್ಲಿ ಹೆಚ್ಚಿನವರು ಗೋಡೆಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಹತ್ತು ಸೆಕೆಂಡು, ಒಂದು ಫೋಟೋ, ಮುಂದಿನ ಗೋಡೆ. ಚಿತ್ರ ನೋಡಿದ್ದು ಮೊಬೈಲು ಮಾತ್ರ.

ತೀನ್ ಮೂರ್ತಿಯ ಆವರಣದಲ್ಲಿ 1984ರಲ್ಲಿ ಆರಂಭವಾದ ತಾರಾಲಯವನ್ನು ಬಿ.ಎಸ್ಸಿ. ಓದಿದ ನಾವು ಬಿಡುವಂತಿಲ್ಲ. ಪ್ರದರ್ಶನದ ಧಾಟಿ ಶಾಲಾಮಕ್ಕಳಿಗೆ ಒಗ್ಗುವಂಥದು, ಪ್ರಾಯದವರ ಪ್ರಶ್ನೆಗಳವರೆಗೆ ಅದು ಹೋಗುವುದಿಲ್ಲ. ಆದರೂ ಅದೇ ವರ್ಷದ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಭೂಮಿಗೆ ಇಳಿದು ಬಂದ ಸೋಯುಜ್ ಕೋಶದ ಮುಂದೆ ಐದು ನಿಮಿಷ ನಿಂತರೆ ಟಿಕೆಟ್ಟಿನ ಹಣ ಸಂದಂತೆ.

ಎರಡು ಪ್ರಶ್ನೆಗಳಿಗೂ ಹೆಚ್ಚುಕಡಿಮೆ ಸರಿಯಾದ ಉತ್ತರ ಕೊಡುವ ಜಾಗ ನಮ್ಮ ಮಟ್ಟಿಗೆ ಮಂಡಿ ಹೌಸ್. ಒಂದು ವೃತ್ತದ ಸುತ್ತಮುತ್ತ ನಾಟಕ ಶಾಲೆ, ಶ್ರೀರಾಮ್ ಸೆಂಟರ್, ಕಮಾನಿ, ತ್ರಿವೇಣಿ ಕಲಾ ಸಂಗಮ, ಎಲ್ಲವೂ ನಡೆದು ಹೋಗುವ ದೂರದಲ್ಲಿ. ತ್ರಿವೇಣಿಯ ಚಿತ್ರಶಾಲೆಗಳಿಗೆ ಪ್ರವೇಶ ಧನವಿಲ್ಲ. ನಾಟಕ ಶಾಲೆಯ ವಿದ್ಯಾರ್ಥಿಗಳ ಪ್ರಯೋಗಗಳು ಮಾಲಿನ ಒಂದು ಕಾಫಿಗಿಂತ ಅಗ್ಗ. 1999ರಲ್ಲಿ ಶುರುವಾದ ಭಾರತ ರಂಗ ಮಹೋತ್ಸವಕ್ಕೆ ದೇಶದ ಎಲ್ಲ ಭಾಷೆಗಳ ತಂಡಗಳು ಬರುತ್ತವೆ. ಕನ್ನಡದ ನಾಟಕಗಳೂ ಹಲವು ವರ್ಷ ಬಂದಿವೆ. ಆ ದಿನಗಳಲ್ಲಿ ಹೊರಗಿನ ಚಹಾದ ಗಾಡಿಯ ಸುತ್ತ ನಿಂತ ಹುಡುಗ ಹುಡುಗಿಯರ ವಾದವನ್ನು ಕೇಳುವುದು ಕೆಲವೊಮ್ಮೆ ಒಳಗಿನ ನಾಟಕಕ್ಕಿಂತ ಚೆನ್ನಾಗಿರುತ್ತದೆ. ಸಿನೆಮಾ ನಟರನ್ನು ಮುಂದಿಟ್ಟುಕೊಂಡು ದುಬಾರಿ ಟಿಕೆಟ್ಟು ಮಾರುವ ಹಾಸ್ಯನಾಟಕಗಳೂ ಅಲ್ಲಿ ಬರುತ್ತವೆ. ಅವನ್ನು ಬಿಟ್ಟರೆ ನಷ್ಟವೇನಿಲ್ಲ.

ನಾಟಕ ಮುಗಿಯುವುದು ಒಂಬತ್ತರ ಸುಮಾರಿಗೆ. ಮನೆಮನೆಗಳಲ್ಲಿ ತಂಟೆ ಶುರುವಾಗುವುದೂ ಆಗಲೇ. 2012ರ ಡಿಸೆಂಬರ್ 16ರಂದು ಸಾಕೇತದಲ್ಲಿ ಸಿನೆಮಾ ನೋಡಿ ಮನೆಗೆ ಹೊರಟ ವಿದ್ಯಾರ್ಥಿನಿ ತನ್ನ ಗೆಳೆಯನೊಡನೆ ಮುನಿರ್ಕಾದಲ್ಲಿ ಬಸ್ಸು ಹತ್ತಿದ್ದು ಒಂಬತ್ತೂವರೆಯ ಸುಮಾರಿಗೆ. ಮುಂದಿನದನ್ನು ಬರೆಯುವ ಅಗತ್ಯವಿಲ್ಲ. ಮುನಿರ್ಕಾ ನಮ್ಮವರು ತರಕಾರಿ ಕೊಳ್ಳುವ ಜಾಗ. ಅಲ್ಲಿಯ ಬಸ್ ನಿಲ್ದಾಣ ನಮ್ಮ ಎಷ್ಟೋ ಮಕ್ಕಳ ನಿತ್ಯದ ನಿಲ್ದಾಣ. ಆ ಚಳಿಗಾಲದಿಂದ ಹಲವು ಮನೆಗಳಲ್ಲಿ ಒಂದು ಅಲಿಖಿತ ಸುತ್ತೋಲೆ ಜಾರಿಯಲ್ಲಿದೆ: ಮಗನಿಗೆ ಹನ್ನೊಂದು ಗಂಟೆ, ಮಗಳಿಗೆ ಎಂಟು. ಸುತ್ತೋಲೆ ಹೊರಡಿಸಿದ ತಂದೆತಾಯಿಯರನ್ನು ನಾವು ಹಳಿಯುವುದಿಲ್ಲ. ಆದರೆ ಎಂಟಕ್ಕೆ ಮನೆ ಸೇರಬೇಕಾದವಳಿಗೆ ಮಂಡಿ ಹೌಸ್ ಇದ್ದೂ ಇಲ್ಲದಂತೆ. ಅವಳಿಗೆ ಉಳಿಯುವುದು ಮಧ್ಯಾಹ್ನದ ಮಾಲು ಒಂದೇ.

ಅಂದಿನಿಂದ ಕೆಲವು ಸಂಗತಿಗಳು ಬದಲಾಗಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಂಡಿ ಹೌಸಿಗೆ ಮೆಟ್ರೋ 2006ರಲ್ಲೇ ಬಂದಿತ್ತು. ಮುನಿರ್ಕಾ ಮತ್ತು ರಾಮಕೃಷ್ಣಪುರಂಗಳಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಆ ದುರ್ದಿನದಂದು ಅಲ್ಲಿ ಮೆಟ್ರೋ ಇರಲಿಲ್ಲ. ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ 2019ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಕೊನೆಯ ಮೆಟ್ರೋ ಗಾಡಿ ಹನ್ನೊಂದರ ಆಸುಪಾಸಿನವರೆಗೆ ಇರುತ್ತದೆ. ಅದರಲ್ಲಿ ಹೆಂಗಸರದೇ ಡಬ್ಬಿ ಉಂಟು. ಉಳಿದಿರುವುದು ನಿಲ್ದಾಣದಿಂದ ಮನೆಯ ಬಾಗಿಲಿನವರೆಗಿನ ಒಂದು ಮೈಲಿ. ದೀಪವಿಲ್ಲದ ಆ ಒಂದು ಮೈಲಿಯೇ ಈಗ ನಮ್ಮ ಹೆಣ್ಣುಮಕ್ಕಳಿಗೂ ನಾಟಕ, ಸಂಗೀತಗಳಿಗೂ ನಡುವೆ ನಿಂತಿದೆ. ನಾಲ್ವರು ಜೊತೆಗೂಡಿ ನಡೆದರೆ ಅದು ಹತ್ತು ನಿಮಿಷದ ಹರಟೆ, ಒಬ್ಬಳೇ ಆದರೆ ಯಾತನೆ.

ಆ ನಾಲ್ವರನ್ನು ಜೊತೆಗೂಡಿಸಬೇಕಾದವರು ಯಾರು? ಇಲ್ಲಿ ನಮ್ಮ ಸಂಘದ ಮಾತು ಬರುತ್ತದೆ. ಯುವಜನರು ಸಂಘಕ್ಕೆ ಬರುವುದಿಲ್ಲವೆಂಬ ಗೊಣಗಾಟ ಪ್ರತಿ ಸರ್ವಸಾಧಾರಣ ಸಭೆಯಲ್ಲಿಯೂ ಇದೆ. ಅದೇ ಎರಡು ಪ್ರಶ್ನೆಗಳನ್ನು ಸಂಘಕ್ಕೂ ಹಾಕಿ ನೋಡೋಣ. ಹಣ ಬಿಚ್ಚದೆ ಕುಳಿತಿರಬಹುದೇ? ಧಾರಾಳವಾಗಿ; ಮೇಲೆ ಬಿಸಿಬೇಳೆ ಭಾತೂ ಉಂಟು. ರಾತ್ರಿ ಮನೆ ಸೇರಬಹುದೇ? ಆಮಂತ್ರಣದಲ್ಲಿ ಸಂಜೆ ಐದೂವರೆ ಎಂದು ಅಚ್ಚಾದ ರಾಜ್ಯೋತ್ಸವ ಶುರುವಾಗುವುದು ಏಳಕ್ಕೆ. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಫಲತಾಂಬೂಲ, ಮುಖ್ಯ ಅತಿಥಿಗಳು, ವಿಶೇಷ ಅತಿಥಿಗಳು ಎಲ್ಲ ಮುಗಿದು ಹುಡುಗರ ಕಾರ್ಯಕ್ರಮಕ್ಕೆ ಪರದೆ ಏಳುವಾಗ ಹತ್ತು ಗಂಟೆ. ಅಷ್ಟು ಹೊತ್ತಿಗೆ ಹುಡುಗಿಯರ ಅಪ್ಪಂದಿರು ಗೇಟಿನ ಬಳಿ ಗಡಿಯಾರ ನೋಡುತ್ತಿರುತ್ತಾರೆ. ಕುರ್ಚಿ ಹಾಕುವುದು, ಎಲೆ ಎತ್ತುವುದು, ಮೈಕಿನ ತಂತಿ ಸರಿಪಡಿಸುವುದು ಇಷ್ಟೇ ಯುವ ವಿಭಾಗದ ಪಾಲಿನ ಕೆಲಸ. ಆ ವಿಭಾಗದ ಸಂಚಾಲಕರಿಗೆ ಐವತ್ತೆರಡು. ಇಂಥ ಏರ್ಪಾಡಿಗಿಂತ ಎ.ಸಿ. ಇರುವ ಮಾಲನ್ನು ಹುಡುಗರು ಆರಿಸಿಕೊಂಡರೆ ಅವರ ರುಚಿಯನ್ನು ದೂರುವುದು ನ್ಯಾಯವಲ್ಲ.

ಬರುವ ಚಳಿಗಾಲಕ್ಕೆ ಎರಡು ಸೂಚನೆಗಳನ್ನು ಕಾರ್ಯಕಾರಿ ಸಮಿತಿಯ ಮುಂದಿಡುತ್ತೇವೆ. ರಂಗ ಮಹೋತ್ಸವದಲ್ಲಿ ಕನ್ನಡ ನಾಟಕ ಬಂದ ದಿನ ಸಂಘ ಇಪ್ಪತ್ತು ಟಿಕೆಟ್ಟು ಒಟ್ಟಿಗೆ ಕೊಳ್ಳಲಿ. ಹುಡುಗ ಹುಡುಗಿಯರು ತಾವೇ ತಂಡ ಕಟ್ಟಿಕೊಂಡು ಹೋಗಿ, ಒಂದೇ ಗಾಡಿಯಲ್ಲಿ ಹಿಂದಿರುಗಿ, ನಿಲ್ದಾಣದಿಂದ ಒಬ್ಬರನ್ನೊಬ್ಬರು ಮನೆ ಮುಟ್ಟಿಸಲಿ. ಹಿರಿಯರು ಜೊತೆಗೆ ಹೋಗುವುದು ಬೇಡ. ಇನ್ನೊಂದು, ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಬೇಗಂಪುರ. ‘ತುಘಲಕ್’ನ ನಾಲ್ಕು ಪ್ರತಿಗಳು ಸಾಕು; ಬಿಸಿಲು ಬಿದ್ದ ಮೆಟ್ಟಲುಗಳ ಮೇಲೆ ಕುಳಿತು ಪಾತ್ರ ಹಂಚಿಕೊಂಡು ಓದಬಹುದು. ಕನ್ನಡ ಅಕ್ಷರ ತಡವರಿಸುವವರಿಗೆ ಹುಬ್ಬಳ್ಳಿಯಿಂದ ಬಂದವರು ಓದಿ ಹೇಳಲಿ. ಓಣಿಯಲ್ಲಿ ಹಿಂದಿಯಲ್ಲಿ ದಾರಿ ಕೇಳುವ ಕೆಲಸವನ್ನು ಇಲ್ಲಿ ಹುಟ್ಟಿದವರು ವಹಿಸಿಕೊಳ್ಳಲಿ. ಖರ್ಚಿನ ಬಾಬತ್ತು ಯಾವುದೆಂದು ಖಜಾಂಚಿಗಳು ಕೇಳಿಯೇ ಕೇಳುತ್ತಾರೆ. ಕಳೆದ ಸಮಾರಂಭದಲ್ಲಿ ಹೊದಿಸಿದ ಶಾಲುಗಳಲ್ಲಿ ಅರ್ಧದಷ್ಟರ ಹಣ ಎರಡಕ್ಕೂ ಸೇರಿ ಸಾಕಾಗುತ್ತದೆ.