ಆಷಾಢದಲ್ಲಿ ತೆರೆಯುವ ಡ್ರಾಯರು

ಮೇಜು ಚೆನ್ನಾಗಿದೆ ಎನ್ನುವವರು ಅದರ ಪಾಲಿಶನ್ನೂ ಹಿತ್ತಾಳೆ ಹಿಡಿಕೆಯನ್ನೂ ನೋಡಿ ಹಾಗೆನ್ನುತ್ತಾರೆ. ನನಗೆ ಡ್ರಾಯರನ್ನು ಪೂರ್ತಿ ಹೊರಗೆಳೆದು ಮಗುಚಿ ಹಾಕಿ ನೋಡಿದ ಹೊರತು ಸಮಾಧಾನವಿಲ್ಲ. ಅದೂ ಕಾಫಿ ಹೂ ಬಿಡುವ ಬಿಸಿಲುಗಾಲದಲ್ಲಲ್ಲ, ಆಷಾಢದಲ್ಲಿ.

ಮೂಡಿಗೆರೆ, ಕಳಸದ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಜಗ್ಗುವುದಿಲ್ಲ. ಉಪ್ಪು ನೀರೊಡೆಯುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ತೋಟದ ಆಫೀಸಿನ ಡ್ರಾಯರು ಕಚ್ಚಿಕೊಳ್ಳುತ್ತದೆ. ಬಟವಾಡೆಯ ದಿನ ಚೆಕ್‌ರೋಲು ಒಳಗೆ, ರೈಟರು ಹೊರಗೆ, ಕೂಲಿಗೆ ಕಾದವರು ಜಗಲಿಯಲ್ಲಿ. ಎಳೆದೂ ಎಳೆದೂ ಕೊನೆಗೆ ಮುಂದಿನ ಹಲಗೆ ಮಾತ್ರ ಕೈಗೆ ಬರುತ್ತದೆ. ಬೈಗುಳವೆಲ್ಲ ಆಚಾರಿಗೆ: ಜಾಯಿಂಟು ಸರಿಯಿಲ್ಲ!

ಇಲ್ಲಿ ಎರಡು ತಪ್ಪುಗಳಿವೆ. ನಾವು ಎರಡನ್ನೂ ಒಂದೇ ಮಾಡಿ ಬೈಯುತ್ತೇವೆ. ಮರ ತನ್ನ ನಾರಿನ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಹಿಗ್ಗುವುದೆಲ್ಲ ಅಡ್ಡಕ್ಕೆ. ಡ್ರಾಯರಿನ ಪಕ್ಕದ ಹಲಗೆಗಳಲ್ಲಿ ನಾರು ಹಿಂದಕ್ಕೂ ಮುಂದಕ್ಕೂ ಹರಿದಿರುವುದರಿಂದ ಅವು ಎತ್ತರಕ್ಕೆ ಬೆಳೆಯುತ್ತವೆ. ಎಂಟಂಗುಲದ ಹಲಗೆ ಎರಡು ಮಿಲಿಮೀಟರ್ ಬೆಳೆದರೆ ಸಾಕು, ಮೇಲಿನ ಪಟ್ಟಿಗೆ ತಾಗಿ ನಿಂತುಬಿಡುತ್ತದೆ. ಇದಕ್ಕೆ ಯಾವ ಜಾಯಿಂಟೂ ಮದ್ದಲ್ಲ. ಒಣಗಿದ ಮರ, ಮಳೆಗಾಲಕ್ಕೆಂದು ಮೊದಲೇ ಬಿಟ್ಟ ಸಂದು, ಇವೆರಡೇ ಮದ್ದು. ಗಾಳಿಯಲ್ಲಿ ಒಣಗಿಸುವುದಾದರೆ ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬ ಹಳೆಯ ಲೆಕ್ಕವಿದೆ. ಅಷ್ಟು ಕಾಯುವ ಗಿರಾಕಿ ಯಾರು?

ಮುಂದಿನ ಹಲಗೆ ಕಿತ್ತು ಬಂದದ್ದು ಮಾತ್ರ ಜಾಯಿಂಟಿನ ತಪ್ಪು. ನಾವು ಡ್ರಾಯರನ್ನು ಎಳೆಯುವುದು ಮುಂದಕ್ಕೆ. ಮುಂದಿನ ಹಲಗೆಯ ಮೂಲಕ ಪಕ್ಕದ ಹಲಗೆಯ ತುದಿಗೆ ನೇರವಾಗಿ ಹೊಡೆದ ಮೊಳೆಯೂ ಅದೇ ದಿಕ್ಕಿಗೆ ಕಿತ್ತು ಬರಲು ತಯಾರಾಗಿರುತ್ತದೆ. ನಾರಿನ ತುದಿಯಲ್ಲಿ ಮೊಳೆಗೆ ಹಿಡಿತ ಕಡಿಮೆ, ಅಂಟಿಗೂ ಕಡಿಮೆ. ಮೇಲೆ ನಮ್ಮ ತೇವಕ್ಕೆ ತುಕ್ಕು. ಅದೇ ಮುಂದಿನ ಹಲಗೆಯ ಅಂಚಿನಲ್ಲಿ ಒಂದು ಕಚ್ಚು ತೆಗೆದು, ಪಕ್ಕದ ಹಲಗೆಯನ್ನು ಅದರೊಳಗೆ ಕೂರಿಸಿ, ಬದಿಯಿಂದ ಬಿದಿರಿನ ಮೊಳೆ ಹೊಡೆದರೆ ಮೊಳೆ ಎಳೆತಕ್ಕೆ ಅಡ್ಡಲಾಗಿ ನಿಲ್ಲುತ್ತದೆ. ಅಡುಗೆಮನೆಯ ಚಮಚದ ಡ್ರಾಯರಿಗೆ ಇಷ್ಟು ಧಾರಾಳ ಸಾಕು. ಇದಕ್ಕಿಂತ ಹೆಚ್ಚಿನದನ್ನು ಕೇಳುವುದು ಆಚಾರಿಯ ದಿನಗೂಲಿಯನ್ನೂ ಮರವನ್ನೂ ದಂಡ ಮಾಡಿದಂತೆ.

ಇನ್ನು ಎಲ್ಲರೂ ತಲೆದೂಗುವ ಡವ್‌ಟೇಲ್. ಪಾರಿವಾಳದ ಬಾಲದಂತೆ ತುದಿಯಲ್ಲಿ ಅಗಲವಾದ ಹಲ್ಲುಗಳು ಒಂದರೊಳಗೊಂದು ಕೂರುವ ಈ ಉಪಾಯ ಪ್ರಾಚೀನ ಈಜಿಪ್ಟಿನ ಮರಗೆಲಸದಲ್ಲೇ ಇದೆ. ಹಲ್ಲಿನ ಓರೆ ಮೆದು ಮರದಲ್ಲಿ ಆರಕ್ಕೆ ಒಂದು, ಗಟ್ಟಿ ಮರದಲ್ಲಿ ಎಂಟಕ್ಕೆ ಒಂದು ಎಂಬುದು ರೂಢಿ. ಮುಂದಿನ ಹಲಗೆ, ಪಕ್ಕದ ಹಲಗೆ ಎರಡೂ ಎತ್ತರಕ್ಕೇ ಹಿಗ್ಗುವುದರಿಂದ ಮೂಲೆಯಲ್ಲಿ ಜಗಳವಿಲ್ಲ. ಆದರೆ ಬಾಲ ಇರಬೇಕಾದದ್ದು ಪಕ್ಕದ ಹಲಗೆಯಲ್ಲಿ. ಆಗ ಎಳೆದಷ್ಟೂ ಅದು ಬಿಗಿಯುತ್ತದೆ. ಮುಂದಿನ ಹಲಗೆಯಲ್ಲಿ ಬಾಲ ಕಡಿದರೆ ಎಷ್ಟು ನಾಜೂಕಾಗಿದ್ದರೂ ಎಳೆದ ದಿಕ್ಕಿಗೇ ಕಳಚಿಕೊಳ್ಳುತ್ತದೆ, ಅಂಟೊಂದೇ ಗತಿ. ಅಂಥ ಡವ್‌ಟೇಲ್ ಬರಿಯ ಆಭರಣ. ದಿಕ್ಕು ತಿಳಿದ ಸಾದಾ ಕಚ್ಚು ಅದಕ್ಕಿಂತ ಮೇಲು.

ಡವ್‌ಟೇಲ್ ಹೊಗಳುವವರು ತಳದ ಹಲಗೆಯನ್ನು ಮರೆಯುತ್ತಾರೆ. ಅದನ್ನು ಮೂರು ಕಡೆ ತೋಡಿನಲ್ಲಿ ಅಂಟಿಲ್ಲದೆ ಕೂರಿಸಿ, ನಾರನ್ನು ಎಡದಿಂದ ಬಲಕ್ಕೆ ಹರಿಸಿ, ಹಿಂದುಗಡೆ ಬಿಡುವು ಕೊಟ್ಟರೆ ಮಳೆಗಾಲದಲ್ಲಿ ಅದು ಹಿಂದಕ್ಕೆ ಚಾಚಿ ಬೇಸಿಗೆಯಲ್ಲಿ ಮರಳುತ್ತದೆ. ಸುತ್ತಲೂ ಅಂಟು ಬಳಿದು ಬಂಧಿಸಿದರೆ ಹಿಗ್ಗಿದಾಗ ಮೂಲೆಗಳನ್ನೇ ಒದೆಯುತ್ತದೆ, ಒಣಗಿದಾಗ ತಾನೇ ಸೀಳುತ್ತದೆ. ಹಳೆಯ ಬಾಗಿಲುಗಳಲ್ಲಿ ಚೌಕಟ್ಟಿನ ತೋಡಿನೊಳಗೆ ಸಡಿಲವಾಗಿ ಕೂತ ಹಲಗೆಗಳದ್ದೂ ಇದೇ ವಿವೇಕ.

ಹೊಟ್ಟಿನ ಹಲಗೆಯ ರೆಡಿಮೇಡ್ ಮೇಜುಗಳನ್ನು ನಾನು ಹಳೆಯ ಕಾಲದ ಹೆಸರಿನಲ್ಲಿ ಹಳಿಯುವುದಿಲ್ಲ. ಅದಕ್ಕೆ ನಾರಿಲ್ಲ, ಆದ್ದರಿಂದ ಡವ್‌ಟೇಲ್ ಅಲ್ಲಿ ಅರ್ಥಹೀನ. ಸ್ಕ್ರೂ ಮತ್ತು ಕಬ್ಬಿಣದ ಚಾನಲ್ಲು ನ್ಯಾಯವಾದವೇ. ಆದರೆ ಕೊಯ್ದ ಅಂಚಿಗೆ ಒಮ್ಮೆ ನೀರು ಹೊಕ್ಕರೆ ಅದು ಅವಲಕ್ಕಿಯಂತೆ ಅರಳುತ್ತದೆ, ಮತ್ತೆ ಕುಗ್ಗುವುದಿಲ್ಲ. ಮರದ ಡ್ರಾಯರನ್ನಾದರೆ ಕೀಸುಳಿಯಲ್ಲಿ ಒಂದೆರಡು ಸಲ ಎಳೆದು ಸರಿಮಾಡಬಹುದು.

ಬೀಟೆಯನ್ನು ಮನಸ್ಸಿಗೆ ಬಂದಂತೆ ಬಳಸುವ ಕಾಲ ಮುಗಿಯಿತು. 2017ರಿಂದ ಆ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ನಮ್ಮ ಕೈಗೆಟುಕುವುದು ಹಲಸು, ಮತ್ತೆ ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್. ಇವಕ್ಕೂ ಒಳ್ಳೆಯ ಜಾಯಿಂಟಿನ ಮರ್ಯಾದೆ ಸಲ್ಲಬೇಕು. ನನ್ನ ಆಯ್ಕೆ ಕೇಳಿದರೆ: ಲೆಕ್ಕದ ಪುಸ್ತಕವಿಡುವ ಭಾರದ ಡ್ರಾಯರಿಗೆ ಮುಂದುಗಡೆ ಮಾತ್ರ ಡವ್‌ಟೇಲ್, ಹಿಂದುಗಡೆ ಸಾದಾ ತೋಡು, ತಳ ಸಡಿಲ. ಉಳಿದ ದುಡ್ಡು ಮರ ಒಣಗಿಸಲಿಕ್ಕೆ.

ನಾವು ಪಾಲಿಶಿಗೆ ದುಡ್ಡು ಕೊಟ್ಟು ಉಳಿಯ ಕೆಲಸಕ್ಕೆ ಚೌಕಾಶಿ ಮಾಡುತ್ತಾ ಹೋದರೆ ಆಚಾರಿಯ ಮಗ ಪಾಲಿಶನ್ನೇ ಕಲಿಯುತ್ತಾನೆ. ಮುಂದೊಂದು ಆಷಾಢದಲ್ಲಿ ಕಚ್ಚಿಕೊಂಡ ಡ್ರಾಯರನ್ನು ಬಿಡಿಸಿಕೊಡಲು ಊರಲ್ಲಿ ಕೀಸುಳಿ ಹಿಡಿಯುವವರೇ ಇರುವುದಿಲ್ಲ.